ವಿಧೇಯತೆಯೊಂದೇ ಸಾಲದೆಂದ ಪ್ರಭುತ್ವ

ಆಳುವವನು ಆಳಿಸಿಕೊಳ್ಳುವವರನ್ನು ಪೀಡಿಸುವುದು ರಾಜಕೀಯ ಚಿಂತನೆಗೆ ಹೊಸ ವಿಷಯವೇನಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್ ತನ್ನೊಬ್ಬನ ಹಿತಕ್ಕಾಗಿ ಆಳುವವನ ಆಡಳಿತವನ್ನು ರಾಜತ್ವದ ವಿಕೃತರೂಪವೆಂದು ವರ್ಗೀಕರಿಸಿ, ಅದು ಉಳಿಯುವ ಮತ್ತು ಅಳಿಯುವ ಬಗೆಗಳನ್ನು ವಿವರಿಸಿದ್ದ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಅಂಥ ಆಡಳಿತವನ್ನು ನಡೆಸುವ ಪ್ರೇರಕಶಕ್ತಿ ಭಯವೇ ಎಂದು ಗುರುತಿಸಿದ್ದ. ಆದರೆ 1920ರ ದಶಕದಿಂದ ಯುರೋಪಿನಲ್ಲಿ ತಲೆಯೆತ್ತಿದ ಕೆಲವು ಪ್ರಭುತ್ವಗಳನ್ನು ಅಳೆಯಲು ಹೊರಟವರಿಗೆ ಈ ಹಳೆಯ ವರ್ಗೀಕರಣ ಸಾಲದಾಯಿತು. ಹಿಂದಿನ ಕ್ರೂರ ದೊರೆಗೆ ಬೇಕಾಗಿದ್ದುದು ಕಂದಾಯ, ಸೈನ್ಯಕ್ಕೆ ಆಳು ಮತ್ತು ಪ್ರಜೆಗಳ ಮೌನ. ಅಷ್ಟು ಸಿಕ್ಕರೆ ಅವರು ಮನೆಯೊಳಗೆ ಏನು ಮಾತಾಡುತ್ತಾರೆ, ಯಾವ ದೇವರನ್ನು ಪೂಜಿಸುತ್ತಾರೆ, ಮಕ್ಕಳಿಗೆ ಏನು ಹೇಳಿಕೊಡುತ್ತಾರೆ ಎಂಬುದರ ಗೊಡವೆ ಅವನಿಗಿರಲಿಲ್ಲ. ಹೊಸ ಪ್ರಭುತ್ವಗಳಿಗಾದರೋ ಮೌನವೂ ಅನುಮಾನಾಸ್ಪದವಾಗಿತ್ತು. ಅವಕ್ಕೆ ಬೇಕಾಗಿದ್ದುದು ಉತ್ಸಾಹ, ಭಾಗವಹಿಸುವಿಕೆ, ಕೊನೆಗೆ ಮನುಷ್ಯಸ್ವಭಾವದ ಪುನರ್ನಿರ್ಮಾಣ.

ಇಂಗ್ಲಿಷಿನಲ್ಲಿ ಟೋಟಾಲಿಟೇರಿಯನಿಸಂ ಎಂದು ಕರೆಯುವ ಈ ವ್ಯವಸ್ಥೆಯನ್ನು ಇಲ್ಲಿ ಸರ್ವಂಕಷ ಪ್ರಭುತ್ವವೆಂದು ಕರೆಯಲಾಗಿದೆ: ರಾಜಕೀಯ, ದುಡಿಮೆ, ಶಿಕ್ಷಣ, ಕಲೆ, ಕುಟುಂಬ, ನಂಬಿಕೆ ಹೀಗೆ ಬದುಕಿನ ಯಾವ ಮೂಲೆಯನ್ನೂ ತನ್ನ ಹಿಡಿತದಿಂದ ಹೊರಗೆ ಬಿಡಲೊಪ್ಪದ, ಒಂದೇ ಪಕ್ಷದ, ಒಂದೇ ಸಿದ್ಧಾಂತದ ಆಳ್ವಿಕೆ ಎಂಬುದು ಅದರ ಸ್ಥೂಲ ಅರ್ಥ. ಇದರ ಅಧ್ಯಯನ ನೂರು ವರ್ಷಗಳಲ್ಲಿ ಹಲವು ತಿರುವುಗಳನ್ನು ಕಂಡಿದೆ. ಮೊದಲು ನಾಯಕನ ಮೇಲೆ, ಅನಂತರ ಆಡಳಿತಯಂತ್ರದ ಮೇಲೆ ನೆಟ್ಟಿದ್ದ ವಿದ್ವಾಂಸರ ದೃಷ್ಟಿ ನಿಧಾನವಾಗಿ ಸಾಮಾನ್ಯ ಜನರ ಕಡೆಗೆ, ಅವರು ಒಬ್ಬರೊಡನೊಬ್ಬರು ಬಾಳುವ ರೀತಿಯ ಕಡೆಗೆ ಹೊರಳಿದೆ; ಈ ಅಧ್ಯಯನದ ನಿಜವಾದ ಗಳಿಕೆ ಇರುವುದು ಆ ಹೊರಳುವಿಕೆಯಲ್ಲೇ.

ಈ ಪರಿಕಲ್ಪನೆಯನ್ನು ಮೊದಲು ಬಳಕೆಗೆ ತಂದವರು ಪ್ರಾಧ್ಯಾಪಕರಲ್ಲ, ಪತ್ರಿಕೆ ನಡೆಸುತ್ತಿದ್ದ ಒಬ್ಬ ರಾಜಕಾರಣಿ. ಇಟಲಿಯ ಉದಾರವಾದಿ ನಾಯಕ ಜೊವಾನ್ನಿ ಅಮೆಂಡೋಲಾ 1923ರ ಮೇ ತಿಂಗಳಲ್ಲಿ ‘ಇಲ್ ಮೊಂದೊ’ ಪತ್ರಿಕೆಯಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಕುರಿತು ಬರೆಯುತ್ತ, ಬಹುಮತದ ಪಟ್ಟಿಗೂ ವಿರೋಧಿಗಳಿಗೆ ಸಲ್ಲಬೇಕಾದ ಅಲ್ಪಮತದ ಪಟ್ಟಿಗೂ ಫ್ಯಾಸಿಸ್ಟರು ತಮ್ಮವರನ್ನೇ ನಿಲ್ಲಿಸುತ್ತಿರುವುದನ್ನು ತೋರಿಸಿ, ಅದನ್ನು ಎಲ್ಲವನ್ನೂ ನುಂಗುವ ಪದ್ಧತಿ ಎಂಬರ್ಥದಲ್ಲಿ ‘ತೊತಾಲಿತಾರಿಯೊ’ ಎಂದು ಕರೆದರು. ಗೆಲ್ಲುವುದಷ್ಟೇ ಅಲ್ಲ, ಸೋತವರ ಸ್ಥಾನವನ್ನೂ ತಾವೇ ತುಂಬುವ ಆ ಚಾಳಿಯಲ್ಲಿ ಮುಂದೆ ಬರಲಿದ್ದುದರ ಸುಳಿವನ್ನು ಅವರು ಬಹಳ ಬೇಗ ಕಂಡುಕೊಂಡಿದ್ದರು. ಎರಡು ವರ್ಷಗಳ ತರುವಾಯ ಫ್ಯಾಸಿಸ್ಟ್ ಗುಂಪೊಂದು ಅವರನ್ನು ಅಡ್ಡಗಟ್ಟಿ ಬಡಿಯಿತು. ಚೇತರಿಸಿಕೊಳ್ಳದೆ 1926ರ ಏಪ್ರಿಲಿನಲ್ಲಿ ಅವರು ಫ್ರಾನ್ಸಿನ ಕಾನ್ ನಗರದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮುಸೊಲಿನಿ 1925ರ ಜೂನ್ ತಿಂಗಳ ಭಾಷಣದಲ್ಲಿ ಅಮೆಂಡೋಲಾ ಬೈಗುಳವಾಗಿ ಬಳಸಿದ್ದ ಅದೇ ಮಾತನ್ನು ತನ್ನ ಆಂದೋಲನದ ಹೆಮ್ಮೆಯಾಗಿ ಎತ್ತಿಕೊಂಡಿದ್ದ. ಅದೇ ವರ್ಷ ಅಕ್ಟೋಬರಿನಲ್ಲಿ ಮಿಲಾನಿನಲ್ಲಿ ಮಾತಾಡುತ್ತ, ರಾಷ್ಟ್ರಪ್ರಭುತ್ವದ ಹೊರಗೆ ಏನೂ ಇರಬಾರದು, ಅದಕ್ಕೆ ವಿರುದ್ಧವಾಗಿಯೂ ಏನೂ ಇರಬಾರದು ಎಂದು ಸಾರಿದ. ತತ್ತ್ವಜ್ಞಾನಿ ಜೊವಾನ್ನಿ ಜೆಂಟೀಲೆ ಈ ಘೋಷಣೆಗೆ ದಾರ್ಶನಿಕ ಬಟ್ಟೆ ತೊಡಿಸಿದ. 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಮುಸೊಲಿನಿಯ ಹೆಸರಿನಲ್ಲಿ ಪ್ರಕಟವಾದ ಫ್ಯಾಸಿಸಂ ಕುರಿತ ಲೇಖನದ ತಾತ್ತ್ವಿಕ ಭಾಗ ಅವನದೇ.

ಹೀಗಿದ್ದರೂ ಇಟಲಿಯಲ್ಲಿ ಆ ಹಂಬಲ ಪೂರ್ತಿ ಕೈಗೂಡಲಿಲ್ಲ. ಅರಸ ತನ್ನ ಸಿಂಹಾಸನದಲ್ಲೇ ಇದ್ದ, ಸೈನ್ಯದ ನಿಷ್ಠೆ ಅವನಿಗೇ ಸಲ್ಲುತ್ತಿತ್ತು, 1929ರ ಒಪ್ಪಂದದಿಂದ ಕ್ಯಾಥೊಲಿಕ್ ಚರ್ಚು ತನ್ನ ವಲಯವನ್ನು ಉಳಿಸಿಕೊಂಡಿತ್ತು. 1943ರ ಜುಲೈ 25ರಂದು ಮುಸೊಲಿನಿಯನ್ನು ಅಧಿಕಾರದಿಂದ ಇಳಿಸಿದವನೂ ಅದೇ ಅರಸ. ಹೇಳಿಕೊಳ್ಳುವುದಕ್ಕೂ ನಡೆಯುವುದಕ್ಕೂ ನಡುವೆ ಇರುವ ಈ ಅಂತರ ಮುಂದಿನ ಎಲ್ಲ ಚರ್ಚೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಜರ್ಮನಿಯ ಅನುಭವವನ್ನು ಒಳಗಿನಿಂದ ಕಂಡು ಬರೆದವರಲ್ಲಿ ಎರ್ನ್‌ಸ್ಟ್ ಫ್ರೆಂಕೆಲ್ ಅವರ ಹೆಸರು ಸಾಮಾನ್ಯ ಓದುಗರಿಗೆ ಅಷ್ಟಾಗಿ ತಿಳಿಯದಿದ್ದರೂ ಅವರ ವಿಶ್ಲೇಷಣೆಯ ಬೆಲೆ ಇಂದಿಗೂ ಕುಗ್ಗಿಲ್ಲ. ಯೆಹೂದಿ ಮನೆತನದವರಾದರೂ ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಕಾರಣಕ್ಕೆ ಹಿಟ್ಲರನ ಆಳ್ವಿಕೆಯಲ್ಲೂ 1938ರವರೆಗೆ ಬರ್ಲಿನ್ನಿನಲ್ಲಿ ವಕೀಲಿಕೆ ನಡೆಸಲು ಅವರಿಗೆ ಸಾಧ್ಯವಾಯಿತು. ಆ ವರ್ಷಗಳಲ್ಲಿ ಗುಟ್ಟಾಗಿ ಬರೆದ ಹಸ್ತಪ್ರತಿಯನ್ನು ದೇಶದ ಹೊರಗೆ ಸಾಗಿಸಿ, 1941ರಲ್ಲಿ ಅಮೆರಿಕದಲ್ಲಿ ‘ದಿ ಡ್ಯುಯಲ್ ಸ್ಟೇಟ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಒಂದೇ ದೇಶದೊಳಗೆ ಎರಡು ಪ್ರಭುತ್ವಗಳು ಕೆಲಸ ಮಾಡುತ್ತಿದ್ದವೆಂಬುದು ಅವರ ವಾದ. ಒಂದು ಕಟ್ಟಳೆಯ ಪ್ರಭುತ್ವ: ಅಲ್ಲಿ ನ್ಯಾಯಾಲಯಗಳು ಎಂದಿನಂತೆ ಕಲಾಪ ನಡೆಸುತ್ತವೆ, ಸಾಲಪತ್ರ, ಬಾಡಿಗೆ ಕರಾರು, ಕಂಪನಿ ವ್ಯಾಜ್ಯಗಳು ಹಳೆಯ ಕಾನೂನಿನಂತೆಯೇ ಇತ್ಯರ್ಥವಾಗುತ್ತವೆ. ಇನ್ನೊಂದು ವಿಶೇಷಾಧಿಕಾರದ ಪ್ರಭುತ್ವ: ಗೆಸ್ಟಾಪೊ ಎಂಬ ರಹಸ್ಯ ಪೊಲೀಸ್ ಪಡೆ ಯಾವ ಕಾನೂನಿಗೂ ಉತ್ತರ ಕೊಡಬೇಕಿಲ್ಲ, ನ್ಯಾಯಾಲಯ ಬಿಡುಗಡೆ ಮಾಡಿದವನನ್ನು ಹೊರಬಾಗಿಲಲ್ಲೇ ಹಿಡಿದು ಶಿಬಿರಕ್ಕೆ ಕಳುಹಿಸಬಹುದು. ಯಾವ ಸಂಗತಿ ಯಾವ ವಲಯಕ್ಕೆ ಸೇರಿದ್ದೆಂದು ತೀರ್ಮಾನಿಸುವ ಹಕ್ಕು ಮಾತ್ರ ಯಾವಾಗಲೂ ಎರಡನೆಯದರ ಕೈಯಲ್ಲೇ ಇರುತ್ತದೆ. ಪ್ರಜೆಗಳ ಹಕ್ಕುಗಳನ್ನು ಅಮಾನತಿನಲ್ಲಿಟ್ಟ 1933ರ ಫೆಬ್ರುವರಿ 28ರ ತುರ್ತು ಆಜ್ಞೆಯೇ ಹಿಟ್ಲರನ ಜರ್ಮನಿಯ ನಿಜವಾದ ಸಂವಿಧಾನವೆಂದು ಫ್ರೆಂಕೆಲ್ ಬರೆದರು. ನ್ಯಾಯಾಲಯದ ಬಾಗಿಲು ತೆರೆದಿದೆ ಎಂಬ ಒಂದೇ ಕಾರಣಕ್ಕೆ ಕಾನೂನಿನ ಆಳ್ವಿಕೆ ಉಳಿದಿದೆಯೆಂದು ನೆಮ್ಮದಿ ಪಡುವಂತಿಲ್ಲ ಎಂಬುದನ್ನು ಇಷ್ಟು ಖಚಿತವಾಗಿ ತೋರಿಸಿದ ಇನ್ನೊಂದು ಪುಸ್ತಕ ಸಿಗುವುದು ಕಷ್ಟ.

ಫ್ಯಾಸಿಸಂ ಮತ್ತು ಸೋವಿಯತ್ ಕಮ್ಯುನಿಸಂ ಎಂಬ ಪರಸ್ಪರ ಕಡುವೈರಿಗಳನ್ನು ಒಂದೇ ಪರಿಕಲ್ಪನೆಯಡಿ ತರಬಹುದೆಂಬ ವಿಚಾರವನ್ನು 1930ರ ದಶಕದಲ್ಲಿ ಹಲವರು ಎತ್ತಿದ್ದರು. ಅವರಲ್ಲಿ ಸ್ಟಾಲಿನ್ನನ ಆಡಳಿತದಿಂದ ನೊಂದು ಹೊರಬಂದ ಎಡಪಂಥೀಯರೂ ಇದ್ದರೆಂಬುದು ಗಮನಿಸಬೇಕಾದ ಮಾತು. 1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಪರಸ್ಪರ ದಾಳಿ ಮಾಡದಿರುವ ಒಪ್ಪಂದಕ್ಕೆ ಬಂದಾಗ ಆ ಹೋಲಿಕೆಗೆ ಎಲ್ಲಿಲ್ಲದ ಬಲ ಬಂತು. 1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಎರಗಿ, ಆ ದೇಶ ಮಿತ್ರಪಕ್ಷಕ್ಕೆ ಸೇರಿದೊಡನೆ ಅದೇ ಹೋಲಿಕೆ ಹಿನ್ನೆಲೆಗೆ ಸರಿಯಿತು. ಈ ಪರಿಕಲ್ಪನೆಯ ಏರಿಳಿತ ಯುದ್ಧ ಮತ್ತು ಸಂಧಿಗಳ ಜೊತೆಗೇ ನಡೆದಿರುವುದರಿಂದ, ಅದನ್ನು ಬಳಸುವ ಪ್ರತಿಯೊಬ್ಬರೂ ತಾವು ಅದನ್ನು ಬಳಸುತ್ತಿರುವುದು ಅರಿಯುವುದಕ್ಕೋ ಹಳಿಯುವುದಕ್ಕೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅರಿಯುವ ಯತ್ನಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಹನ್ನಾ ಅರೆಂಟ್ ಅವರದು. 1906ರಲ್ಲಿ ಜರ್ಮನಿಯ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಹೈಡೆಗರ್ ಮತ್ತು ಯಾಸ್ಪರ್ಸ್ ಅವರ ಬಳಿ ತತ್ತ್ವಶಾಸ್ತ್ರ ಕಲಿತ ಅರೆಂಟ್, 1933ರಲ್ಲಿ ಯೆಹೂದಿದ್ವೇಷದ ಪ್ರಚಾರಸಾಮಗ್ರಿಯನ್ನು ಗ್ರಂಥಾಲಯದಲ್ಲಿ ಸಂಗ್ರಹಿಸುತ್ತಿದ್ದ ಕಾರಣಕ್ಕೆ ಬಂಧನಕ್ಕೊಳಗಾಗಿ, ಬಿಡುಗಡೆಯಾದ ಕೂಡಲೇ ದೇಶ ಬಿಟ್ಟರು. ಪ್ಯಾರಿಸ್‌ನಲ್ಲಿ ನಿರಾಶ್ರಿತರ ನಡುವೆ ದುಡಿದು, 1940ರಲ್ಲಿ ಗುರ್ಸ್ ಎಂಬಲ್ಲಿನ ಬಂಧನ ಶಿಬಿರದಿಂದ ಪಾರಾಗಿ, 1941ರಲ್ಲಿ ನ್ಯೂಯಾರ್ಕ್ ತಲುಪಿದರು. ಅಮೆರಿಕದ ಪೌರತ್ವ ದೊರೆತ 1951ರವರೆಗೆ ಅವರು ಯಾವ ದೇಶಕ್ಕೂ ಸೇರದವರಾಗಿಯೇ ಬದುಕಿದರು; ಅವರ ಮಹಾಗ್ರಂಥ ‘ದಿ ಒರಿಜಿನ್ಸ್ ಆಫ್ ಟೋಟಾಲಿಟೇರಿಯನಿಸಂ’ ಪ್ರಕಟವಾದದ್ದೂ ಅದೇ ವರ್ಷ.

ಯೆಹೂದಿದ್ವೇಷ, ಸಾಮ್ರಾಜ್ಯಶಾಹಿ, ಸರ್ವಂಕಷ ಪ್ರಭುತ್ವ ಎಂಬ ಮೂರು ಭಾಗಗಳ ಈ ಗ್ರಂಥದಲ್ಲಿ ಭಾರತೀಯ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಎರಡನೆಯ ಭಾಗವೇ ಅವರಿಗೆ ಬಹು ಹತ್ತಿರದ್ದು. ಯುರೋಪಿನ ರಾಷ್ಟ್ರಗಳು ಸಾಗರದಾಚೆ ಆಳುವಾಗ ಎರಡು ಸಾಧನಗಳನ್ನು ಕಂಡುಕೊಂಡವೆಂದು ಅರೆಂಟ್ ವಾದಿಸುತ್ತಾರೆ: ದಕ್ಷಿಣ ಆಫ್ರಿಕದಲ್ಲಿ ಜನಾಂಗಭೇದ, ಈಜಿಪ್ಟ್, ಅಲ್ಜೀರಿಯ ಮತ್ತು ಭಾರತದಲ್ಲಿ ನೌಕರಶಾಹಿ. ಶಾಸನಸಭೆಯ ಕಾನೂನಿಗೆ ಬದಲಾಗಿ ದಿನದಿನದ ಆಜ್ಞೆಗಳಿಂದ, ಆಳಿಸಿಕೊಳ್ಳುವವರಿಗೆ ಉತ್ತರ ಕೊಡುವ ಹೊಣೆಯಿಲ್ಲದೆ, ದೂರದಿಂದ ಬಂದ ಅಧಿಕಾರಿಗಳು ಕೋಟ್ಯಂತರ ಜನರನ್ನು ಆಳಬಹುದೆಂಬ ಪಾಠವನ್ನು ಯುರೋಪು ವಸಾಹತುಗಳಲ್ಲಿ ಕಲಿತು, ತರುವಾಯ ಅದನ್ನು ತನ್ನ ನೆಲದಲ್ಲೇ ಪ್ರಯೋಗಿಸಿತು. ಮಾರ್ಟಿನೀಕಿನ ಕವಿ ಎಮೆ ಸೆಸೇರ್ ಇದೇ ಹೊತ್ತಿನಲ್ಲಿ, 1950ರಲ್ಲಿ, ವಸಾಹತುಶಾಹಿಯನ್ನು ಕುರಿತ ತಮ್ಮ ಪ್ರಬಂಧದಲ್ಲಿ ಇಂಥದೇ ಮಾತನ್ನು ಇನ್ನಷ್ಟು ಕಟುವಾಗಿ ಹೇಳಿದ್ದರು. ಅದೇ ಭಾಗದ ಕೊನೆಯಲ್ಲಿ ಅರೆಂಟ್, ಮೊದಲ ಮಹಾಯುದ್ಧದ ಬಳಿಕ ಸಾಮ್ರಾಜ್ಯಗಳು ಒಡೆದು ಲಕ್ಷಾಂತರ ಜನ ಪೌರತ್ವವನ್ನೇ ಕಳೆದುಕೊಂಡ ಬಗೆಯನ್ನು ವಿವರಿಸುತ್ತಾರೆ. ಮಾನವಹಕ್ಕುಗಳು ಹುಟ್ಟಿನಿಂದಲೇ ಬರುತ್ತವೆಂದು ಘೋಷಣೆಗಳು ಎಷ್ಟೇ ಹೇಳಿದರೂ, ಆ ಹಕ್ಕುಗಳನ್ನು ಕಾಪಾಡಲು ಬದ್ಧವಾದ ರಾಜಕೀಯ ಸಮುದಾಯವೊಂದಕ್ಕೆ ಸೇರದವನಿಗೆ ಅವು ದಕ್ಕುವುದಿಲ್ಲ. ಆದ್ದರಿಂದ ಎಲ್ಲ ಹಕ್ಕುಗಳಿಗಿಂತ ಮೊದಲು ಬೇಕಾದದ್ದು ಹಕ್ಕುಗಳನ್ನು ಹೊಂದುವ ಹಕ್ಕು. ಪೌರತ್ವ ಕಳೆದುಕೊಂಡವರು ಯಾರಿಗೂ ಬೇಡದವರಾಗಿ ಉಳಿದಾಗ ಅವರನ್ನು ಕೊಲ್ಲುವ ದಾರಿ ಅರ್ಧ ಸವೆದಿರುತ್ತದೆಂದು ಅವರು ಕಂಡುಕೊಂಡರು.

ಮೂರನೆಯ ಭಾಗದಲ್ಲಿ ಅರೆಂಟ್ ಸಿದ್ಧಾಂತ ಮತ್ತು ಭೀತಿ ಎಂಬ ಎರಡು ಕಂಬಗಳನ್ನು ಗುರುತಿಸುತ್ತಾರೆ. ಇಲ್ಲಿ ಸಿದ್ಧಾಂತವೆಂದರೆ ಯಾವುದೋ ರಾಜಕೀಯ ಒಲವಲ್ಲ. ಜನಾಂಗಗಳ ಕಾದಾಟ, ವರ್ಗಗಳ ಕಾದಾಟ ಎಂಬಂಥ ಒಂದೇ ಒಂದು ಸೂತ್ರದಿಂದ ಹಿಂದಿನದು, ಇಂದಿನದು, ಮುಂದಿನದು ಎಲ್ಲವನ್ನೂ ತರ್ಕದ ಸರಪಳಿಯಾಗಿ ಹೊಸೆದು, ಅನುಭವ ಹೇಳುವ ಸಾಕ್ಷ್ಯವನ್ನು ಒಳಗೆ ಬಿಡದ ವಿಚಾರಕ್ರಮ. ಕೊಳೆತ ವರ್ಗವೊಂದು ಇತಿಹಾಸದ ನಿಯಮದಿಂದಲೇ ಅಳಿಯತಕ್ಕದ್ದು ಎಂದು ಒಪ್ಪಿದವನು, ಅದನ್ನು ಅಳಿಸುವುದು ಕೊಲೆಯಲ್ಲ, ನಿಯಮಕ್ಕೆ ನೆರವಾಗುವುದು ಎಂಬಲ್ಲಿಗೆ ತಾನಾಗಿಯೇ ಬಂದು ನಿಲ್ಲುತ್ತಾನೆ. ಆದ್ದರಿಂದಲೇ ಈ ಪ್ರಭುತ್ವಕ್ಕೆ ಬೇಕಾದ ಆದರ್ಶ ಪ್ರಜೆ ಕಟ್ಟಾ ನಾಜಿಯೋ ಕಟ್ಟಾ ಕಮ್ಯುನಿಸ್ಟನೋ ಅಲ್ಲ. ನಿಜಕ್ಕೂ ಕಲ್ಪನೆಗೂ ನಡುವಿನ ಗೆರೆ ಅಳಿಸಿಹೋದವನು. ಆಂದೋಲನದ ರಚನೆಯನ್ನು ಅರೆಂಟ್ ಈರುಳ್ಳಿಗೆ ಹೋಲಿಸಿದರು: ನಡುವೆ ನಾಯಕ, ಅವನ ಸುತ್ತ ಒಳಬಳಗ, ಅದರಾಚೆ ಪಕ್ಷದ ಸದಸ್ಯರು, ಹೊರಗೆ ಸಹಾನುಭೂತಿಯುಳ್ಳ ಸಂಘಸಂಸ್ಥೆಗಳು. ಪ್ರತಿ ಪದರವೂ ತನ್ನಿಂದ ಹೊರಗಿನವರಿಗೆ ಆಂದೋಲನದ ಸಭ್ಯ ಮುಖವಾಗಿ ತೋರುತ್ತದೆ, ಒಳಗಿನವರಿಗೆ ಹೊರಜಗತ್ತೆಂದರೆ ಇಷ್ಟೇ ಎಂಬ ಭ್ರಮೆ ಹುಟ್ಟಿಸುತ್ತದೆ. ಹೀಗಾಗಿ ನಡುವಿನಲ್ಲಿರುವವರಿಗೆ ವಾಸ್ತವದ ಬಿಸಿ ತಟ್ಟುವುದೇ ಇಲ್ಲ.

ಭೀತಿಯ ವಿಷಯದಲ್ಲಿ ಅವರ ಅವಲೋಕನ ಸಾಮಾನ್ಯ ತಿಳಿವಳಿಕೆಗೆ ತದ್ವಿರುದ್ಧವಾದದ್ದು. ಸರ್ವಾಧಿಕಾರಿಯೊಬ್ಬ ವಿರೋಧಿಗಳನ್ನು ಮಟ್ಟಹಾಕಲು ಭಯ ಹುಟ್ಟಿಸುತ್ತಾನೆ, ವಿರೋಧ ಅಡಗಿದಂತೆ ಭಯವೂ ಸಡಿಲಗೊಳ್ಳುತ್ತದೆ. ಸರ್ವಂಕಷ ಪ್ರಭುತ್ವದಲ್ಲಿ ಮಾತ್ರ ವಿರೋಧಿಗಳು ಮುಗಿದ ಮೇಲೆಯೇ ಭೀತಿ ತನ್ನ ಪೂರ್ಣರೂಪ ತಾಳುತ್ತದೆ. ಅಲ್ಲಿ ಹಿಡಿಯಲ್ಪಡುವವನು ಏನನ್ನೂ ಮಾಡಿರಬೇಕಿಲ್ಲ. ಸಿದ್ಧಾಂತದ ಪ್ರಕಾರ ಶತ್ರುವೆಂದು ನಿಗದಿಯಾದ ಗುಂಪಿನಲ್ಲಿ ಹುಟ್ಟಿದ್ದರೆ ಸಾಕು. ಯಾತನಾ ಶಿಬಿರಗಳು ಈ ವ್ಯವಸ್ಥೆಯ ಅತಿರೇಕವಲ್ಲ, ಅದರ ಕೇಂದ್ರ. ಮನುಷ್ಯನ ವಿಷಯದಲ್ಲಿ ಏನು ಬೇಕಾದರೂ ಮಾಡಲು ಸಾಧ್ಯವೆಂಬ ನಂಬಿಕೆಯನ್ನು ಪರೀಕ್ಷಿಸುವ ಪ್ರಯೋಗಶಾಲೆಗಳು. ಅಲ್ಲಿ ಮೊದಲು ಸಾಯುವವನು ಕಾನೂನಿನ ಕಣ್ಣಿನ ವ್ಯಕ್ತಿ, ಏಕೆಂದರೆ ಅಪರಾಧಕ್ಕೂ ಶಿಕ್ಷೆಗೂ ಇರುವ ನಂಟು ಕಡಿದುಹೋಗಿರುತ್ತದೆ. ಅನಂತರ ಸಾಯುವುದು ನೈತಿಕ ವ್ಯಕ್ತಿ, ಏಕೆಂದರೆ ಸಾಕ್ಷಿಯಿಲ್ಲದ ಕಡೆ ಹುತಾತ್ಮನಾಗುವುದೂ ಅಸಾಧ್ಯ, ತಪ್ಪು ಮತ್ತು ತಪ್ಪಿನ ನಡುವೆಯಷ್ಟೇ ಆಯ್ಕೆ. ಕೊನೆಗೆ ಹೆಸರು, ಕೂದಲು, ಬಟ್ಟೆ ಎಲ್ಲ ಕಳಚಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿಸುವ ಗುರುತೂ ಇಲ್ಲವಾಗುತ್ತದೆ. 1953ರ ಪ್ರಬಂಧವೊಂದರಲ್ಲಿ ಮಂಡಿಸಿ, 1958ರ ಆವೃತ್ತಿಗೆ ಸೇರಿಸಿದ ವಿಚಾರದಲ್ಲಿ ಅರೆಂಟ್ ಇದರ ಬೇರನ್ನು ಒಂಟಿತನದಲ್ಲಿ ಕಂಡರು. ಏಕಾಂತದಲ್ಲಿರುವವನು ತನ್ನೊಡನೆ ತಾನಿರುತ್ತಾನೆ, ಯೋಚಿಸುತ್ತಾನೆ. ಒಂಟಿಯಾದವನಿಗಾದರೋ ತಾನು ಕಂಡದ್ದು ನಿಜವೇ ಎಂದು ಕೇಳಿ ತಿಳಿಯಲು ಇನ್ನೊಬ್ಬರಿಲ್ಲ, ಆದ್ದರಿಂದ ತನ್ನ ಅನುಭವದ ಮೇಲೆಯೇ ಅವನ ವಿಶ್ವಾಸ ಅಲುಗುತ್ತದೆ. ಕೆಲಸ ಕಳೆದುಕೊಂಡು, ವರ್ಗ, ಊರು, ಸಂಘಗಳ ಆಸರೆ ತಪ್ಪಿ, ಯಾರಿಗೂ ಬೇಡವಾದೆವೆಂಬ ಭಾವದಲ್ಲಿ ಬದುಕುವ ಜನಸಮೂಹಕ್ಕೆ ಸಿದ್ಧಾಂತದ ತಪ್ಪಿಲ್ಲದ ತರ್ಕವೊಂದೇ ಹಿಡಿದುಕೊಳ್ಳಲು ಸಿಗುವ ಆಧಾರ. ಆ ಒಂಟಿತನವನ್ನೇ ಬಂಡವಾಳವಾಗಿಸಿಕೊಂಡು ಬಂದ ಪ್ರಭುತ್ವ, ಮನುಷ್ಯರನ್ನು ಒಬ್ಬರಿಗೊಬ್ಬರು ಅಂಟಿಸಿದಂತೆ ಒತ್ತಿ, ಅವರ ನಡುವೆ ಮಾತಿಗೂ ನಡೆಗೂ ಬೇಕಾದ ಜಾಗವನ್ನೇ ಇಲ್ಲವಾಗಿಸುತ್ತದೆ.

ಇದೇ ಕಾಲದಲ್ಲಿ ಕೆಲವರು ಈ ಕೇಡಿನ ಮೂಲವನ್ನು ಹಳೆಯ ತತ್ತ್ವಜ್ಞಾನಿಗಳಲ್ಲಿ ಹುಡುಕಿದರು. ಕಾರ್ಲ್ ಪಾಪ್ಪರ್ 1945ರಲ್ಲಿ ಪ್ಲೇಟೊ, ಹೆಗೆಲ್ ಮತ್ತು ಮಾರ್ಕ್ಸ್ ಅವರನ್ನು ಮುಕ್ತ ಸಮಾಜದ ವೈರಿಗಳೆಂದು ಕರೆದರೆ, ಇತಿಹಾಸಕಾರ ಯಾಕೋಬ್ ಟಾಲ್ಮನ್ 1952ರಲ್ಲಿ ರೂಸೋನ ‘ಸಾರ್ವತ್ರಿಕ ಇಚ್ಛೆ’ಯತ್ತ ಬೆರಳು ತೋರಿಸಿದರು. ಪುಸ್ತಕಗಳಿಂದ ಶಿಬಿರಗಳವರೆಗೆ ನೇರ ಗೆರೆ ಎಳೆಯುವ ಈ ಮಾರ್ಗ ಓದಿಗೆ ರೋಚಕವಾದರೂ, ಅದೇ ಪುಸ್ತಕಗಳನ್ನು ಓದಿದ ಇತರ ಸಮಾಜಗಳು ಆ ದಾರಿ ಹಿಡಿಯಲಿಲ್ಲವೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ್ದು ಅರೆಂಟ್ ಅವರ ಮಾರ್ಗವಲ್ಲ, ಕಾರ್ಲ್ ಫ್ರೀಡ್ರಿಕ್ ಮತ್ತು ಜ್ಬಿಗ್ನ್ಯೂ ಬ್ರೆಜಿನ್‌ಸ್ಕಿ 1956ರಲ್ಲಿ ಮಂಡಿಸಿದ ಮಾದರಿ. ಎಲ್ಲರೂ ಒಪ್ಪಲೇಬೇಕಾದ ಅಧಿಕೃತ ಸಿದ್ಧಾಂತ, ಸಾಮಾನ್ಯವಾಗಿ ಒಬ್ಬನೇ ನಾಯಕನ ಏಕೈಕ ಪಕ್ಷ, ಭೀತಿ ಹುಟ್ಟಿಸುವ ಪೊಲೀಸ್ ವ್ಯವಸ್ಥೆ, ಸಂಪರ್ಕಮಾಧ್ಯಮಗಳ ಮೇಲೆ, ಆಯುಧಗಳ ಮೇಲೆ, ಆರ್ಥಿಕತೆಯ ಮೇಲೆ ಕೇಂದ್ರದ ಪೂರ್ಣ ಹತೋಟಿ ಎಂಬ ಆರು ಲಕ್ಷಣಗಳು ಕೂಡಿಬಂದಲ್ಲಿ ಅದು ಸರ್ವಂಕಷ ಪ್ರಭುತ್ವ. ಪಾಠ ಹೇಳಲು ಅನುಕೂಲವಾದ ಈ ಪಟ್ಟಿಗೆ ಹುಟ್ಟಿದ ವರ್ಷವೇ ಕಷ್ಟ ಎದುರಾಯಿತು: 1956ರ ಫೆಬ್ರುವರಿ 25ರಂದು ಸೋವಿಯತ್ ನಾಯಕ ಕ್ರುಶ್ಚೇವ್ ತನ್ನ ಪಕ್ಷದ ಇಪ್ಪತ್ತನೆಯ ಮಹಾಧಿವೇಶನದ ಗುಪ್ತಸಭೆಯಲ್ಲಿ ಸ್ಟಾಲಿನ್ನನ ಅಪರಾಧಗಳನ್ನು ಬಯಲಿಗಿಟ್ಟ. ಶಿಬಿರಗಳಿಂದ ಲಕ್ಷಾಂತರ ಜನ ಹೊರಬಂದರು, ಸಾಮೂಹಿಕ ಕೊಲೆ ನಿಂತಿತು, ಆದರೂ ಪಕ್ಷ, ಸಿದ್ಧಾಂತ, ಸೆನ್ಸಾರ್ ಎಲ್ಲ ಹಾಗೆಯೇ ಉಳಿದವು. ಹೊರಲಕ್ಷಣಗಳ ಪಟ್ಟಿಗೆ ಈ ಒಳಬದಲಾವಣೆಯನ್ನು ಹಿಡಿಯುವ ಶಕ್ತಿಯಿರಲಿಲ್ಲ.

ಇನ್ನೊಂದು ತೊಡಕನ್ನು ಬಿಡಿಸಿದವರು ಸ್ಪೇನ್ ಮೂಲದ ಸಮಾಜಶಾಸ್ತ್ರಜ್ಞ ಹ್ವಾನ್ ಲಿನ್ಸ್. ಫ್ರಾಂಕೊನ ಸ್ಪೇನನ್ನು ಅಭ್ಯಸಿಸಿ 1964ರಲ್ಲಿ ಬರೆದ ಪ್ರಬಂಧದಲ್ಲಿ ಅವರು ನಿರಂಕುಶಾಧಿಕಾರವೇ ಬೇರೆ, ಸರ್ವಂಕಷ ಪ್ರಭುತ್ವವೇ ಬೇರೆ ಎಂದು ತೋರಿಸಿದರು. ಮೊದಲನೆಯದರಲ್ಲಿ ಚರ್ಚು, ಸೈನ್ಯ, ಉದ್ಯಮಿಗಳು ಮುಂತಾದ ಕೆಲವು ಬಣಗಳಿಗೆ ಸೀಮಿತವಾದರೂ ಸ್ವಂತ ಅಸ್ತಿತ್ವವಿರುತ್ತದೆ, ಕರಾರುವಾಕ್ಕಾದ ಸಿದ್ಧಾಂತದ ಬದಲು ಒಂದು ಮನೋಭಾವವಷ್ಟೇ ಇರುತ್ತದೆ, ಜನ ಬೀದಿಗಿಳಿದು ಜೈಕಾರ ಹಾಕುವುದಕ್ಕಿಂತ ಮನೆಯಲ್ಲಿ ಸುಮ್ಮನಿರುವುದೇ ಆಳುವವರಿಗೆ ಇಷ್ಟ. ಈ ಭೇದವನ್ನು 1979ರಲ್ಲಿ ರಾಜ್ಯಶಾಸ್ತ್ರಜ್ಞೆ ಜೀನ್ ಕರ್ಕ್‌ಪ್ಯಾಟ್ರಿಕ್ ಅಮೆರಿಕದ ವಿದೇಶಾಂಗ ನೀತಿಗೆ ಹೊಂದಿಸಿ, ಸ್ನೇಹದ ನಿರಂಕುಶ ಆಡಳಿತಗಳನ್ನು ಸಹಿಸಿಕೊಳ್ಳಬಹುದೆಂಬ ವಾದಕ್ಕೆ ಬಳಸಿದರು; ಅಳೆಯಲು ಮಾಡಿದ ಕೋಲು ಸಮರ್ಥನೆಯ ಸಾಧನವಾದದ್ದು ವಿಷಾದದ ಸಂಗತಿ, ಏಕೆಂದರೆ ಚಿತ್ರಹಿಂಸೆಗೆ ಒಳಗಾದವನಿಗೆ ವರ್ಗೀಕರಣದಿಂದ ಯಾವ ಸಮಾಧಾನವೂ ಇಲ್ಲ. ಆದರೂ ಲಿನ್ಸ್ ತೋರಿಸಿದ ಗೆರೆ ಭಾರತದ ಓದುಗರಿಗೆ ಉಪಯುಕ್ತವೇ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದ ಬಂಧನ ನಡೆಯಿತು, ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು, ಬೆಂಗಳೂರಿನ ಸೆರೆಮನೆಯಲ್ಲಿ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಸುನೀಗಿದರು. ಅದು ನಿರಂಕುಶಾಧಿಕಾರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಇತರ ಪಕ್ಷಗಳು ಬೇರುಸಹಿತ ಅಳಿದಿರಲಿಲ್ಲ, ಚುನಾವಣೆ ನಡೆದು ಆಳುವವರು ಸೋತು ಕೆಳಗಿಳಿದರು. ನಿರಂಕುಶಾಧಿಕಾರ, ಸರ್ವಂಕಷ ಪ್ರಭುತ್ವ ಇವೆರಡನ್ನೂ ಒಂದೇ ಹೆಸರಿನಿಂದ ಕರೆದರೆ ಎರಡರ ಅರಿವೂ ಮಸುಕಾಗುತ್ತದೆ.

1970ರ ದಶಕದಿಂದ ಇತಿಹಾಸಕಾರರು ಕಡತಗಳಿಗೆ ಇಳಿದಾಗ, ಮೇಲಿನಿಂದ ಕೆಳಗೆ ಎಲ್ಲವನ್ನೂ ಬಿಗಿಹಿಡಿದ ಏಕಶಿಲೆಯ ಚಿತ್ರವೇ ಒಡೆಯಿತು. ಹಿಟ್ಲರನ ಆಡಳಿತ ಪರಸ್ಪರ ಪೈಪೋಟಿಯಲ್ಲಿ ತೊಡಗಿದ ಇಲಾಖೆಗಳ ಗೊಂದಲವಾಗಿತ್ತೆಂದು ಮಾರ್ಟಿನ್ ಬ್ರೋಷಾಟ್, ಹಾನ್ಸ್ ಮೊಮ್‌ಸೆನ್ ಮುಂತಾದವರು ತೋರಿಸಿದರು. ಆ ಗೊಂದಲದ ನಡುವೆಯೂ ಕ್ರೌರ್ಯ ಹೆಚ್ಚುತ್ತಲೇ ಹೋದದ್ದು ಹೇಗೆಂಬುದನ್ನು ಇಯಾನ್ ಕರ್ಶಾ ವಿವರಿಸಿದರು. ನಾಯಕನ ಇಂಗಿತವೇನಿರಬಹುದೆಂದು ಕೆಳಗಿನವರು ತಾವಾಗಿಯೇ ಊಹಿಸಿ, ಒಬ್ಬರಿಗಿಂತ ಒಬ್ಬರು ಮುಂದೆ ಹೋಗಿ ಅದನ್ನು ನೆರವೇರಿಸಲು ಹವಣಿಸುತ್ತಿದ್ದರು. ಆಜ್ಞೆ ಬರುವವರೆಗೆ ಕಾಯುವವನು ಹಿಂದುಳಿಯುತ್ತಿದ್ದ. ರಾಬರ್ಟ್ ಗೆಲಾಟ್ಲಿ ವುರ್ಟ್ಸ್‌ಬುರ್ಗ್ ನಗರದಲ್ಲಿ ಉಳಿದುಬಂದ ಗೆಸ್ಟಾಪೊ ಕಡತಗಳನ್ನು ಶೋಧಿಸಿ 1990ರಲ್ಲಿ ಪ್ರಕಟಿಸಿದ ಕೃತಿ ಇನ್ನೂ ಕಳವಳಕಾರಿ. ಎಲ್ಲೆಲ್ಲೂ ಕಣ್ಣಿಟ್ಟ ಸರ್ವವ್ಯಾಪಿ ಪೊಲೀಸರೆಂಬುದು ಬಹುಮಟ್ಟಿಗೆ ಜನರ ಕಲ್ಪನೆಯಾಗಿತ್ತು. ಯೆಹೂದಿಗಳೊಡನೆ ಸಂಬಂಧವಿಟ್ಟುಕೊಂಡವರ ಮೇಲಿನ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರಂಭವಾದದ್ದು ನೆರೆಹೊರೆಯವರ, ಸಹೋದ್ಯೋಗಿಗಳ, ಕೆಲವೊಮ್ಮೆ ಮನೆಯವರ ದೂರಿನಿಂದ. ಹಳೆಯ ಜಗಳ, ಅಸೂಯೆ, ಮನೆಯ ಮೇಲಿನ ಆಸೆ ಇವೇ ಎಷ್ಟೋ ದೂರುಗಳ ಹಿಂದಿನ ಕಾರಣಗಳಾಗಿದ್ದವು.

ಸೋವಿಯತ್ ಇತಿಹಾಸದಲ್ಲೂ ಶೀಲಾ ಫಿಟ್ಜ್‌ಪ್ಯಾಟ್ರಿಕ್ ಮುಂತಾದವರು ಸ್ಟಾಲಿನ್ನನ ಕಾಲದ ಸಮಾಜಕ್ಕೆ ತನ್ನದೇ ಚಲನೆಯಿತ್ತೆಂದೂ, ಆ ವ್ಯವಸ್ಥೆಯಲ್ಲಿ ಮೇಲೇರಿದ ಹೊಸ ಪೀಳಿಗೆ ಅದನ್ನು ತನ್ನದೆಂದೇ ಭಾವಿಸಿತ್ತೆಂದೂ ವಾದಿಸಿದರು. 1991ರ ಬಳಿಕ ತೆರೆದ ಕಡತಗಳು ಎಲ್ಲವೂ ಮೇಲಿನಿಂದಲೇ ನಡೆಯಿತೆಂದವರ ವಾದಕ್ಕೂ ಇವರ ವಾದಕ್ಕೂ ತಿದ್ದುಪಡಿ ತಂದವು. ಸೋವಿಯತ್ ರಹಸ್ಯ ಪೊಲೀಸ್ ಇಲಾಖೆಯ 1937ರ ಜುಲೈ 30ರ 00447ನೆಯ ಆಜ್ಞೆ ಪ್ರತಿ ಪ್ರಾಂತ್ಯಕ್ಕೂ ಎಷ್ಟು ಜನರನ್ನು ಗುಂಡಿಕ್ಕಬೇಕು, ಎಷ್ಟು ಜನರನ್ನು ಶಿಬಿರಕ್ಕೆ ಅಟ್ಟಬೇಕು ಎಂದು ಸಂಖ್ಯೆಯನ್ನೇ ನಿಗದಿಮಾಡಿತ್ತು; ಭೀತಿಯ ಸೂತ್ರ ಮೇಲಿನಿಂದಲೇ ಎಳೆಯಲ್ಪಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದೇ ಕಡತಗಳಲ್ಲಿ, ತಮಗೆ ಕೊಟ್ಟ ಮಿತಿ ಸಾಲದು, ಹೆಚ್ಚಿಸಿಕೊಡಿ ಎಂದು ಪ್ರಾಂತ್ಯಗಳ ಅಧಿಕಾರಿಗಳು ಕೇಳಿಕೊಂಡ ತಂತಿಗಳೂ ಇವೆ. ಪೊಲೀಸ್ ಇಲಾಖೆಯ ಲೆಕ್ಕದ ಪ್ರಕಾರವೇ 1937 ಮತ್ತು 1938ರಲ್ಲಿ 6,81,692 ಜನರಿಗೆ ಮರಣದಂಡನೆ ವಿಧಿಸಲಾಯಿತು.

ಪಶ್ಚಿಮದ ವಿದ್ವಾಂಸರು ಈ ಪರಿಕಲ್ಪನೆ ಇನ್ನು ಸಾಕೆನ್ನುತ್ತಿದ್ದ ಹೊತ್ತಿಗೆ, ಅಂಥ ಪ್ರಭುತ್ವದಡಿ ಬದುಕುತ್ತಿದ್ದವರು ಅದನ್ನು ತಮ್ಮ ಅನುಭವದ ಹೆಸರಾಗಿ ಎತ್ತಿಕೊಂಡರು. ಪೋಲೆಂಡಿನ ಕವಿ ಚೆಸ್ಲಾವ್ ಮಿಲೋಷ್ 1953ರಲ್ಲೇ, ಹೊರಗೆ ಒಪ್ಪಿಗೆ ನಟಿಸುತ್ತ ಒಳಗೆ ಬೇರೆಯೇ ಆಗಿ ಬಾಳುವ ಬುದ್ಧಿಜೀವಿಗಳ ಒಡೆದ ಮನಸ್ಸನ್ನು ಚಿತ್ರಿಸಿದ್ದರು. ಜೆಕೊಸ್ಲೊವಾಕಿಯದ ನಾಟಕಕಾರ ವಾಕ್ಲಾವ್ ಹ್ಯಾವೆಲ್ 1978ರಲ್ಲಿ ಬರೆದು, ಪೊಲೀಸ್ ವಿಚಾರಣೆಗಳ ಬೆನ್ನಲ್ಲೇ ಹಿಂದಿನ ವರ್ಷ ತೀರಿಕೊಂಡಿದ್ದ ತತ್ತ್ವಜ್ಞಾನಿ ಯಾನ್ ಪಟೋಚ್ಕಾ ಅವರ ನೆನಪಿಗೆ ಅರ್ಪಿಸಿದ ಪ್ರಬಂಧದಲ್ಲಿ ತರಕಾರಿ ಅಂಗಡಿಯವನೊಬ್ಬ ಬರುತ್ತಾನೆ. ಕಾರ್ಮಿಕರ ಒಗ್ಗಟ್ಟಿನ ಘೋಷಣೆಯಿರುವ ಫಲಕವನ್ನು ಅವನು ತರಕಾರಿಗಳ ನಡುವೆ ನಿಲ್ಲಿಸುತ್ತಾನೆ. ಅದನ್ನು ಅವನೂ ನಂಬುವುದಿಲ್ಲ, ದಾರಿಹೋಕರೂ ಓದುವುದಿಲ್ಲ, ಆದರೂ ನಿಲ್ಲಿಸದಿದ್ದರೆ ತೊಂದರೆ ತಪ್ಪದು. ತಾನು ಹೆದರಿ ಒಪ್ಪಿಕೊಂಡಿದ್ದೇನೆ ಎಂದು ನೇರವಾಗಿ ಬರೆದು ಹಾಕಬೇಕಾಗಿ ಬಂದಿದ್ದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಘೋಷಣೆ ಆ ನಾಚಿಕೆಯನ್ನು ಮುಚ್ಚುತ್ತದೆ, ಎದುರಂಗಡಿಯವನೂ ಹಾಗೆಯೇ ಮಾಡುವಂತೆ ಒತ್ತುತ್ತದೆ. ಹೀಗೆ ಪ್ರತಿಯೊಬ್ಬನೂ ವ್ಯವಸ್ಥೆಯ ಬಲಿಪಶುವೂ ಹೌದು, ಆಧಾರಸ್ತಂಭವೂ ಹೌದು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಗೆರೆ ಪ್ರತಿಯೊಬ್ಬರ ಒಳಗಿನಿಂದಲೇ ಹಾದುಹೋಗುತ್ತದೆ. ಫ್ರಾನ್ಸಿನ ಕ್ಲೋಡ್ ಲೆಫೋರ್ ಇದನ್ನೇ ಪ್ರಜಾಪ್ರಭುತ್ವದ ಕಡೆಯಿಂದ ನೋಡಿದರು: ಪ್ರಜಾಪ್ರಭುತ್ವದಲ್ಲಿ ಅಧಿಕಾರದ ಪೀಠ ಯಾರದೂ ಸ್ವಂತವಲ್ಲ, ಸ್ಪರ್ಧೆಯಿಂದ ತಾತ್ಕಾಲಿಕವಾಗಿ ಏರಿ ಇಳಿಯಬೇಕಾದ ಬರಿದಾದ ಜಾಗ, ಸರ್ವಂಕಷ ಪ್ರಭುತ್ವವಾದರೋ ಜನರೆಲ್ಲ ಒಂದೇ ದೇಹ, ಪಕ್ಷವೇ ಆ ದೇಹ, ನಾಯಕನೇ ಪಕ್ಷ ಎಂದು ಸಾರಿ ಆ ಜಾಗವನ್ನು ತುಂಬಿಬಿಡುತ್ತದೆ, ಒಪ್ಪದವರು ಆಗ ದೇಹಕ್ಕೆ ಅಂಟಿದ ರೋಗವಾಗುತ್ತಾರೆ.

ಹೋಲಿಸುವುದೆಂದರೆ ಸಮೀಕರಿಸುವುದಲ್ಲ ಎಂಬ ಎಚ್ಚರ ಈ ಕ್ಷೇತ್ರದಲ್ಲಿ ಬಹಳ ದುಬಾರಿಯಾಗಿ ಬಂದ ಪಾಠ. 1986ರಲ್ಲಿ ಜರ್ಮನ್ ಇತಿಹಾಸಕಾರ ಎರ್ನ್‌ಸ್ಟ್ ನೋಲ್ಟೆ, ನಾಜಿಗಳ ಹತ್ಯಾಕಾಂಡವನ್ನು ಸೋವಿಯತ್ ಭೀತಿಗೆ ಹುಟ್ಟಿದ ಪ್ರತಿಕ್ರಿಯೆಯೆಂಬಂತೆ ಮಂಡಿಸಿದಾಗ, ಅದು ಅಪರಾಧದ ಹೊರೆಯನ್ನು ಇಳಿಸುವ ಹುನ್ನಾರವೆಂದು ತತ್ತ್ವಜ್ಞಾನಿ ಯೂರ್ಗೆನ್ ಹಾಬರ್ಮಾಸ್ ತೀವ್ರವಾಗಿ ಪ್ರತಿಭಟಿಸಿದರು. ಸುಮಾರು 60 ಲಕ್ಷ ಯೆಹೂದಿಗಳನ್ನು, ಎಳೆಗೂಸುಗಳನ್ನೂ ಬಿಡದೆ, ಭೂಮಿಯ ಮೇಲಿಂದಲೇ ಅಳಿಸುವ ಗುರಿಯಿಂದ ಕೊಂದದ್ದಕ್ಕೂ ಸ್ಟಾಲಿನ್ನನ ಶಿಬಿರಗಳಿಗೂ ಉದ್ದೇಶದಲ್ಲಿ, ವಿಧಾನದಲ್ಲಿ ವ್ಯತ್ಯಾಸಗಳಿವೆ. ಆ ವ್ಯತ್ಯಾಸಗಳನ್ನು ಕಾಣಬೇಕಾದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕು. ಸೋವಿಯತ್ ನೆಲದಲ್ಲಿ ಸತ್ತವರ ದುಃಖವನ್ನು ಹೇಳಲು ಹೊರಟವರು ಆಶ್‌ವಿಟ್ಸ್ ಶಿಬಿರದ ದುಃಖವನ್ನು ಕಿರಿದಾಗಿಸಬೇಕಿಲ್ಲ.

1989ರಲ್ಲಿ ಪೂರ್ವ ಯುರೋಪಿನ ಪ್ರಭುತ್ವಗಳು ಕುಸಿದ ಮೇಲೆ ಅಧ್ಯಯನದ ಸಾಮಗ್ರಿ ವಿದ್ವಾಂಸರ ಕೈಯಿಂದ ಸಾಮಾನ್ಯರ ಕೈಗೂ ಬಂತು. ಸುಮಾರು 1.6 ಕೋಟಿ ಜನಸಂಖ್ಯೆಯ ಪೂರ್ವ ಜರ್ಮನಿಯಲ್ಲಿ ಸ್ಟಾಸಿ ಎಂಬ ಗುಪ್ತಚರ ಇಲಾಖೆಗೆ ಕೊನೆಯ ವರ್ಷ ಸುಮಾರು 91,000 ಪೂರ್ಣಾವಧಿ ನೌಕರರೂ ಅದರ ದುಪ್ಪಟ್ಟಿನಷ್ಟು ಗುಪ್ತ ಬಾತ್ಮೀದಾರರೂ ಇದ್ದರು. 1989ರ ಡಿಸೆಂಬರಿನಲ್ಲಿ ಎರ್ಫುರ್ಟ್ ನಗರದ ಜನ ಸ್ಟಾಸಿ ಕಚೇರಿಗೆ ನುಗ್ಗಿ ಕಡತಗಳ ನಾಶವನ್ನು ತಡೆದರು. 1991ರ ಕೊನೆಯಲ್ಲಿ ಬಂದ ಕಾನೂನಿನಂತೆ 1992ರ ಜನವರಿಯಿಂದ ಪ್ರತಿಯೊಬ್ಬರಿಗೂ ತಮ್ಮ ಮೇಲಿನ ಕಡತವನ್ನು ಓದುವ ಹಕ್ಕು ದೊರೆಯಿತು. ತಮ್ಮ ಬಗ್ಗೆ ವರದಿ ಕೊಟ್ಟವರು ಸ್ನೇಹಿತರೋ, ಸಹೋದ್ಯೋಗಿಗಳೋ, ಕೆಲವರ ವಿಷಯದಲ್ಲಿ ಸ್ವಂತ ಗಂಡನೋ ಆಗಿದ್ದರೆಂಬುದು ಓದಿದವರಿಗೆ ಆಗ ತಿಳಿಯಿತು. ಆ ಕಡತಗಳಿಂದ ಯಾವ ಜಿಲ್ಲೆಯಲ್ಲಿ ಬಾತ್ಮೀದಾರರು ಎಷ್ಟು ದಟ್ಟವಾಗಿದ್ದರೆಂದು ಲೆಕ್ಕಹಾಕಿ, ಜರ್ಮನ್ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಬಾತ್ಮೀದಾರರು ಹೆಚ್ಚಾಗಿದ್ದ ಕಡೆ ಎರಡು ಜರ್ಮನಿಗಳ ಏಕೀಕರಣವಾಗಿ ವರ್ಷಗಳು ಕಳೆದ ಮೇಲೂ ಜನ ಒಬ್ಬರನ್ನೊಬ್ಬರು ನಂಬುವುದು ಕಡಿಮೆ, ಮತದಾನಕ್ಕೆ ಬರುವುದು ಕಡಿಮೆ, ಅವರ ಆದಾಯವೂ ಕಡಿಮೆ ಎಂದು ತೋರಿಸಿದೆ.